ತಲೆಯಿಲ್ಲದ ಧಣಿ

ನಾಖೋದ್ ಪಟ್ಟಣದ ಬಟ್ಟೆ ಗಿರಣಿಯ ಅಟ್ಟದಲ್ಲಿ ಗಾಜಿನ ಸೂರಿನ ಕೋಣೆಯೊಂದಿತ್ತು. ಫೋಟೋ ತೆಗೆಯುವ ವೆಂಡೆಲೀನನ ಜೀವವೆಲ್ಲ ಆ ಕೋಣೆಯಲ್ಲೇ; ಕೋಣೆ ಮಾತ್ರ ಧಣಿ ಲಿಂಡ್ನರನದು. ವಿಯೆನ್ನಾದ ವಸ್ತುಪ್ರದರ್ಶನಕ್ಕೆ ಕಳಿಸಲು ಧಣಿಗೊಂದು ಚಿತ್ರ ಬೇಕಾಗಿತ್ತು: ನಡುವೆ ತಾನು, ಸುತ್ತ ಸಂತೃಪ್ತ ನೇಕಾರರು. ಚೆನ್ನಾಗಿ ಬಂದರೆ ಕೋಣೆ ಉಳಿಯುತ್ತದೆ. ಕೆಟ್ಟರೆ ಶನಿವಾರಕ್ಕೆ ಖಾಲಿ.

ಗಿರಣಿಯಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ವೆಂಡೆಲೀನ ಹೇಳಿದ: "ನಾನು ಒಂದು ಸಲ ಪ್ರಾರ್ಥನೆ ಹೇಳಿ ಮುಗಿಸೋವರೆಗೂ ಯಾರೂ ಅಲುಗಾಡಬಾರದು."

"ಉಸಿರಾಡಬಹುದೇನಪ್ಪಾ? ಇಲ್ಲಾ ಅದಕ್ಕೂ ಕೂಲಿ ಮುರೀತಾರೋ?" ಎಂದಳು ಮುದಿ ನೇಕಾರ್ತಿ ಬಾರ್ಬೋರ. ಹಿಂದಿನ ಸಾಲು ಕಿಸಕ್ಕೆಂದಿತು.

ವೆಂಡೆಲೀನ ಕ್ಯಾಮೆರಾದ ಮುಚ್ಚಳ ತೆಗೆದು ಶುರುಮಾಡಿದ: "ಪರಲೋಕದಲ್ಲಿರುವ ನಮ್ಮ ತಂದೆಯೇ..."

"ಬೇಗ ಬೇಗ ಹೇಳಯ್ಯ, ದೇವ್ರಿಗೂ ಕೆಲ್ಸ ಇರುತ್ತೆ!" ಎಂದ ಧಣಿ. ಪ್ರಾರ್ಥನೆ 'ಅನುದಿನದ ಆಹಾರ' ಬೇಡುವ ಸಾಲಿಗೆ ಬರುವಷ್ಟರಲ್ಲಿ ಗಿರಕ್ಕನೆ ಹಿಂದೆ ತಿರುಗಿ, "ಯಾರೋ ಅದು ಕೆಮ್ಮಿದ್ದು?" ಎಂದು ಗುಡುಗಿದ. ನೇಕಾರರು ರೆಪ್ಪೆಯನ್ನೂ ಮಿಟುಕಿಸಲಿಲ್ಲ. ಅವನೆದುರು ಕಲ್ಲಿನ ಹಾಗೆ ನಿಲ್ಲುವ ಪಾಠ ಅವರಿಗೆ ವರ್ಷಗಳಿಂದ ಆಗಿತ್ತು.

ಅಟ್ಟದಲ್ಲಿ ಚಿತ್ರ ಹಿಡಿದ ಕ್ಯಾಮೆರಾದ ಗಾಜನ್ನು ಔಷಧಿಯಲ್ಲಿ ತೊಳೆದಾಗ ಒಂದೊಂದು ಮುಖವೂ ಸ್ಪಷ್ಟವಾಗಿ ಮೂಡಿತು: ಬಾರ್ಬೋರಳ ಸುಕ್ಕು, ಹರಿದ ಕಾಲರು, ಹಸಿದ ಕೆನ್ನೆ. ನಡುವೆ ಒಳ್ಳೆಯದೊಂದು ಕೋಟು. ಕೋಟಿನ ಮೇಲೆ ಬರೀ ಹೊಗೆ.

"ನನ್ನ ತಲೆ ಎಲ್ಲೋ?" ಧಣಿ ಕಿರುಚಿದ.

"ಅಲುಗಾಡಿದ್ದು ಗಾಜಿಗೆ ಕಾಣಿಸೋದಿಲ್ಲ, ಧಣಿ."

"ಇದ್ದಿದ್ರೆ ತಾನೇ ಕಾಣಿಸೋಕೆ!" ಎಂದಿತು ಮೆಟ್ಟಿಲ ಮೇಲಿಂದ ಬಾರ್ಬೋರಳ ದನಿ.

"ಒರೆಸಿ ಹಾಕು ಅದನ್ನ! ನನ್ನೊಬ್ಬನದೇ ತೆಗಿ. ಇಲ್ಲದಿದ್ರೆ ಇವತ್ತೇ ಗಂಟುಮೂಟೆ ಕಟ್ಟು."

ವೆಂಡೆಲೀನ ಬಟ್ಟೆಯ ಚೂರು ಕೈಗೆತ್ತಿಕೊಂಡ. ಹಸಿ ಗಾಜು, ಒಂದು ಸಲ ಉಜ್ಜಿದರೆ ಸಾಕು. ತಲೆ ಎತ್ತಿ ಗಾಜಿನ ಸೂರನ್ನೊಮ್ಮೆ ನೋಡಿದ. ಬಾಗಿಲಲ್ಲಿ ಬಾರ್ಬೋರ ಕತ್ತು ಚಾಚಿದ್ದಳು. ಕನ್ನಡಿಯನ್ನೇ ಕೊಳ್ಳಲಾಗದವಳು ಆ ಹಸಿ ಗಾಜಿನಲ್ಲಿ ತನ್ನ ಮುಖವನ್ನು ಹುಡುಕುತ್ತಿದ್ದಳು.

ಅವನು ಬಟ್ಟೆಯನ್ನು ಕೆಳಗಿಟ್ಟ. ಗಾಜನ್ನು ದೀಪದ ಮೇಲೆ ಹಿಡಿದು ಒಣಗಿಸಿ, ಧಣಿಯ ಕಣ್ಣೆದುರೇ ಅದರ ಮೇಲೆ ವಾರ್ನಿಶ್ ಹರಿಸಿದ.

"ಇನ್ನು ಒರೆಸಿದ್ರೂ ಹೋಗೋದಿಲ್ಲ, ಧಣಿ."

ಸಂಜೆಗೆ ಅಟ್ಟ ಖಾಲಿಯಾಗಿ, ವೆಂಡೆಲೀನನ ಔಷಧಿ ಸೀಸೆಗಳೆಲ್ಲ ಬಾರ್ಬೋರಳ ಹೆಬ್ಬಾತುಗಳ ಗೂಡು ಸೇರಿದವು. ಚಿತ್ರ ತೊಳೆಯುವುದಕ್ಕೆ ಕತ್ತಲೆಯೇನೋ ಅಲ್ಲಿ ಬೇಕಾದಷ್ಟಿತ್ತು. ಹಿಕ್ಕೆಯ ನಾತಕ್ಕೆ ವೆಂಡೆಲೀನ "ಥೂ!" ಎಂದು ಮೂಗು ಮುಚ್ಚಿಕೊಂಡ.

"ನಿನ್ನ ಔಷಧಿ ವಾಸನೆಗೆ ನನ್ನ ಬಾತುಗಳೂ ಹಾಗೇ ಅಂತಿವೆ, ಮಾರಾಯ," ಎಂದಳು ಬಾರ್ಬೋರ. "ಆದ್ರೂ ಖಾಲಿ ಮಾಡು ಅಂತ ಅವು ಹೇಳೋದಿಲ್ಲ."