ಮುಚ್ಚಿದ ಲಾಂದ್ರ

ಚಳಿಗಾಲದಲ್ಲಿ ಹೊತ್ತು ಮುಳುಗುವ ಮುಂಚೆ ನನ್ನ ಕೋಣೆಗೆ ಒಂದು ಗಳಿಗೆ ಬಿಸಿಲು ಬರುತ್ತದೆ. ಕೆಳಗಿನ ಸೈಕಲ್ ಅಂಗಡಿಯ ತಗಡಿನ ಸೂರಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು, ನಮ್ಮ ಚಾವಣಿಯಲ್ಲಿ ನೀರಿನ ಹಾಗೆ ಅಲುಗುತ್ತದೆ. ಶಾಲೆ ಬಿಟ್ಟು ಬಂದ ಮಕ್ಕಳು ಆ ಹೊತ್ತಿನಲ್ಲಿ ಜಗಳವನ್ನೂ ಪಿಸುಮಾತಿನಲ್ಲೇ ಆಡುತ್ತಾರೆ. ಅಪ್ಪ ಅಮ್ಮಂದಿರು ಕೆಲಸ ಮುಗಿಸಿ ಬರುವವರೆಗೆ ಅವರನ್ನು ನೋಡಿಕೊಳ್ಳುವವಳು ನಾನು. ನನಗೆ ಅವರಿಟ್ಟ ಹೆಸರು ಸಿಡುಕಜ್ಜಿ. ಕೋಪ ಮೂಗಿನ ತುದಿಯಲ್ಲೇ ಇರುವುದು ನಿಜ, ಸುಳ್ಳೇಕೆ ಹೇಳಲಿ.

ಆ ವಾರ ಪುಟಾಣಿಯೊಬ್ಬಳು ಹೊಸದಾಗಿ ಸೇರಿದ್ದಳು, ಐದು ವರ್ಷದವಳು. ತಾಯಿ ಬಸ್ ಕಂಡಕ್ಟರ್. ಪಾಳಿ ಮುಗಿಯುವುದು ಕತ್ತಲಾದ ಮೇಲೆ. ಕಿಟಕಿ ಕಪ್ಪಾಯಿತೆಂದರೆ ಇವಳ ಅಳು ಶುರು, ತಾಯಿ ಮೆಟ್ಟಿಲು ಹತ್ತುವವರೆಗೂ ನಿಲ್ಲದು. ಉಳಿದವರ ಓದು ಬರಹವೆಲ್ಲ ನೀರುಪಾಲು. ಕೊನೆಗೆ ತಾಯಿಗೆ ಹೇಳಿಬಿಟ್ಟೆ: "ಶುಕ್ರವಾರದ ತನಕ ನೋಡ್ತೀನಮ್ಮ. ಆಮೇಲೆ ನನ್ನ ಕೈಲಾಗಲ್ಲ." ಮಗು ಇಲ್ಲಿ ನಿಲ್ಲದಿದ್ದರೆ ಅವಳು ಕೆಲಸ ಬಿಡಬೇಕಿತ್ತು. ಅದು ನನಗೂ ಗೊತ್ತಿತ್ತು.

ಶುಕ್ರವಾರ ಲಾಂದ್ರ ಮಾಡುವ ದಿನ. ಬೇಗ ಕತ್ತಲಾಗುವ ಕಾಲ ಬಂತೆಂದರೆ ಮಕ್ಕಳು ಕಾಗದದ ಲಾಂದ್ರ ಮಾಡಿ, ಒಳಗೊಂದು ಪುಟ್ಟ ಬಲ್ಬ್ ಇಟ್ಟು ಕಿಟಕಿಗೆ ಕಟ್ಟುತ್ತಾರೆ. ನನ್ನ ನಿಯಮ ಒಂದೇ: ಎಲ್ಲರಿಗಿಂತ ದೊಡ್ಡವರ ಜೊತೆ ಎಲ್ಲರಿಗಿಂತ ಚಿಕ್ಕವರು, ಇಬ್ಬರಿಗೂ ಸೇರಿ ಒಂದೇ ಲಾಂದ್ರ. ಹಾಗಾಗಿ ಪುಟಾಣಿ ಮೀಸೆಮಾವನ ಪಾಲಿಗೆ ಬಂದಳು. ಮೀಸೆಮಾವನಿಗೆ ಹದಿಮೂರು, ತುಟಿಯ ಮೇಲೆ ನಾಲ್ಕು ಕೂದಲು ಚಿಗುರಿದ್ದೇ ತಡ, ಆ ಹೆಸರು ಅಂಟಿಕೊಂಡಿತ್ತು. ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ಅವಳ ಪಕ್ಕ ಕೂತ. ಎಣ್ಣೆ ಸೀಗೆಕಾಯಿ ಜೋಡಿ, ಅಂದುಕೊಂಡೆ.

ಅವನು ಕಡ್ಡಿ ಕಟ್ಟಿ ಚೌಕಟ್ಟು ಮಾಡಿದ. ಅವಳು ಅಂಟು ಹಚ್ಚಿದಳು. ಕಾಗದಕ್ಕೆ ಸ್ವಲ್ಪ, ಅವನ ಅಂಗಿತೋಳಿಗೆ ಬಹಳ. ಅವನು ದಾರ ತರಲು ಎದ್ದು ಹೋದಾಗ ಕಿಟಕಿಗೆ ಬಿಸಿಲು ಬಂತು. ಪುಟಾಣಿ ಲಾಂದ್ರವನ್ನು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ನಲ್ಲಿಯ ಕೆಳಗೆ ಕೊಡವಿಟ್ಟವರಂತೆ, ಅದು ತುಂಬುವವರೆಗೆ ಕಾದಳು. ಆಮೇಲೆ ಮೇಲೊಂದು ಕೆಳಗೊಂದು ಕಾಗದ ಅಂಟಿಸಿ ಮುಚ್ಚಿಯೇ ಬಿಟ್ಟಳು.

"ಅಯ್ಯೋ, ಬಲ್ಬ್ ಎಲ್ಲಿಂದ ಹಾಕೋದೇ?" ಎಂದು ಪಕ್ಕದ ಜೋಡಿ ಕೇಳಿತು. ನಾನು ಕತ್ತರಿ ಹಿಡಿದು ಹೋದೆ. ಮಗು ಲಾಂದ್ರವನ್ನು ಅಪ್ಪಿಕೊಂಡಿತು.

"ಕತ್ತರಿಸ್ಬೇಡಿ! ಬಿಸ್ಲು ಓಡೋಗುತ್ತೆ!"

ಕೋಣೆ ಗೊಳ್ಳೆಂದಿತು. ಮೀಸೆಮಾವ ಮಾತ್ರ ನಗಲಿಲ್ಲ. ಕತ್ತರಿಗೂ ಅವಳಿಗೂ ನಡುವೆ ಬಂದು ಕೂತ.

"ಬಿಡಿ ಅಜ್ಜಿ, ಇದು ನಮ್ಮಿಬ್ಬರದು. ಹೀಗೇ ಇರ್ಲಿ." ಲಾಂದ್ರವನ್ನು ಸುತ್ತಲೂ ತಿರುಗಿಸಿ ನೋಡಿ, ಒಂದು ಮೂಲೆಯ ಸಂದಿಗೆ ಇನ್ನಷ್ಟು ಅಂಟು ಬಳಿದ. "ಇಲ್ಲಿ ಸೋರ್ತಿತ್ತು ನೋಡು," ಎಂದು ಅವಳಿಗೆ ತೋರಿಸಿದ.

ಹೊತ್ತು ಮುಳುಗಿತು. ಕೋಣೆಯ ದೀಪ ಆರಿಸಿದೆವು. ಲಾಂದ್ರಗಳು ಒಂದೊಂದಾಗಿ ಹೊತ್ತಿಕೊಂಡವು: ಹಳದಿ, ಕೆಂಪು, ಎಲೆಹಸಿರು. ಕೋಣೆಯೇ ನೆಲ ಬಿಟ್ಟು ಮೆಲ್ಲಗೆ ತೇಲುತ್ತಿದೆ ಅನ್ನಿಸಿತು. ಆ ಬಣ್ಣಗಳ ನಡುವೆ ಒಂದು ಮಾತ್ರ ಕಪ್ಪಗೆ ತೂಗುತ್ತಿತ್ತು. ಪುಟಾಣಿಯ ಕೆಳದುಟಿ ನಡುಗತೊಡಗಿತು. ಇಲ್ಲಿಗೆ ಮುಗಿಯಿತು ಕಥೆ, ಅಂದುಕೊಂಡೆ.

"ನಮ್ದ್ಯಾಕೆ ಹತ್ಕೊಂಡಿಲ್ಲ?"

ಮೀಸೆಮಾವ ಮಂಡಿಯೂರಿ ಅವಳ ಎತ್ತರಕ್ಕೆ ಇಳಿದ. "ಅವ್ರೆಲ್ಲ ಇವತ್ತೇ ಖರ್ಚು ಮಾಡ್ತಿದ್ದಾರೆ, ದಡ್ಡರು. ನಮ್ದು ಹಾಗೇ ಇದೆ."

ಅವಳು ಕತ್ತೆತ್ತಿ ಲಾಂದ್ರವನ್ನು ನೋಡಿದಳು. "ಒಳಗೆ?"

"ಒಳಗೇ."

ಮಕ್ಕಳು ಒಬ್ಬೊಬ್ಬರಾಗಿ ಬಂದು ಅದಕ್ಕೆ ಅಂಗೈ ಇಟ್ಟು ನೋಡಿದರು. ಆಗ ನಕ್ಕವರೇ ಈಗ "ಬೆಚ್ಚಗಿದೆ ಕಣೇ!" ಅನ್ನತೊಡಗಿದರು. ಯಾರೂ ನೋಡದಾಗ ನಾನೂ ಮುಟ್ಟಿದೆ. ತಣ್ಣಗಿತ್ತು.

ತಾಯಿ ದಡದಡನೆ ಮೆಟ್ಟಿಲು ಹತ್ತಿ ಬಂದಳು. ಅಳು ಕೇಳಿಸದಿದ್ದಕ್ಕೇ ಹೆದರಿದ್ದಳು. ಮಗು ಮೀಸೆಮಾವನ ಹೆಗಲೇರಿ, ಯಾವ ಲಾಂದ್ರ ಎಲ್ಲಿರಬೇಕೆಂದು ಎಲ್ಲರಿಗೂ ಅಪ್ಪಣೆ ಕೊಡುತ್ತಿತ್ತು. ತನ್ನದನ್ನು ಅಮ್ಮನಿಗೆ ತೋರಿಸಿತು.

"ಮನೆಗೆ ತಗೊಂಡು ಹೋಗೋಣ್ವಾ ಚಿನ್ನ?"

"ಬೇಡಮ್ಮ, ಇಲ್ಲೇ ಇರ್ಲಿ. ಸೋಮವಾರ ಬರ್ತೀನಲ್ಲ."

ತಾಯಿ ನನ್ನ ಮುಖ ನೋಡಿದಳು. ಇನ್ನು ಕರ್ಕೊಂಡು ಬರಬೇಡಮ್ಮ ಎಂದು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಅಲ್ಲೇ ಕೈಬಿಟ್ಟೆ. ಸಂತೋಷವಾದರೂ ಸಿಡುಕುವುದೇ ನನ್ನ ಹಣೆಬರಹ.

"ನನ್ನನ್ನೇನು ನೋಡ್ತೀಯಮ್ಮ? ಸೋಮವಾರ ಬರ್ತೀನಿ ಅಂದ್ಳಲ್ಲ, ಕೇಳಿಸ್ಲಿಲ್ವಾ?"

ಕೇಳಿಸಿತ್ತು. ಅವಳು ಟಿಕೆಟ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದು, ತೋಳಿಗೆ ಮುಖ ಒತ್ತಿ ಅತ್ತೇಬಿಟ್ಟಳು. ಮಗಳು ಹೆಗಲಿನಿಂದ ಇಳಿದು ಬಂದು ಅವಳ ಬೆನ್ನು ತಟ್ಟಿ, ಕಿವಿಯಲ್ಲಿ ಹೇಳಿದಳು: "ಅಳ್ಬೇಡಮ್ಮ. ಇಲ್ಲಿ ಅತ್ರೆ ಅಜ್ಜಿ ಇಟ್ಕೊಳ್ಳಲ್ಲ."