ಘಾಟಿಯ ನೆತ್ತಿಯ ಕೂಗು

ಆ ಬೆಳಿಗ್ಗೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ಒಂದು ಸುರಿತ ಹಿಡಿದಿತ್ತು. ಬಸ್ಸಿನ ಗಾಜಿಗೆ ಬಡಿದದ್ದು ಅಲ್ಲಿಯೇ ಹೆಪ್ಪುಗಟ್ಟುತ್ತಿತ್ತು. ಘಾಟಿಯ ಕೊನೆಯ ತಿರುವಿನಲ್ಲಿ ಚಕ್ರ ಜಾರಿದಾಗ ಎಲ್ಲರನ್ನೂ ಇಳಿಸಿ ನಡೆಸಿದರು. ಮುದುಕಿ ಯುಡೋನ್ ಬಂಡೆ ಹಿಡಿದು ಏದುಸಿರು ಬಿಡುತ್ತ ಹತ್ತಿದಳು. ಬಲಕ್ಕೆ ಪ್ರಪಾತ. ಹೋದ ವಾರ ಉರುಳಿದ ಬಸ್ಸು ಕೆಳಗೆ ಹೊಟ್ಟೆ ಮೇಲಾಗಿ ಬಿದ್ದಿತ್ತು. ನೋಡಬಾರದು ಎಂದುಕೊಂಡೇ ನೋಡಿದಳು.

ಬಸ್ಸಿನ ತುಂಬ ಹುಳಹುಲ್ಲು ಅಗೆಯುವವರು. ಔಷಧಿಗೆಂದು ಭಾರಿ ಬೆಲೆಗೆ ಹೋಗುವ, ಹುಳದಂತೆ ಕಾಣುವ ಆ ಬೆರಳುದ್ದದ ಬೇರಿಗಾಗಿ ಬೆಟ್ಟದ ಮೇಲೆ ತಿಂಗಳುಗಟ್ಟಲೆ ಮೊಣಕಾಲೂರಿ ತೆವಳಿ, ಈಗ ಊರಿಗೆ ಹೊರಟಿದ್ದರು. ಬಸ್ ಯಜಮಾನನ ಕಡೆಯ ದಾಮ್‌ದುಲ್, ಕೆಳಗಿನ ತಪಾಸಣೆ ಚೌಕಿಯಲ್ಲಿ ಒಟ್ಟಿಗೆ ತೋರಿಸುವುದಕ್ಕೆಂದು ಎಲ್ಲರ ಗುರುತಿನ ಕಾರ್ಡನ್ನೂ ಮೊದಲೇ ಇಸಿದುಕೊಂಡಿದ್ದ.

ನೆತ್ತಿ ತಲುಪಿ ಎಲ್ಲರೂ ಮತ್ತೆ ಹತ್ತಿ ಕುಳಿತ ಮೇಲೆ ಅವನ ಮಾತೇ ಬೇರೆಯಾಯಿತು. ತಲೆಗೊಂದು ಹಿಡಿ ಹುಳಹುಲ್ಲು ಹಾಕಿದವರಿಗೆ ಕಾರ್ಡು ವಾಪಸ್ಸು. ಹಾಕದವರು ಇಲ್ಲೇ ಇಳಿಯಬಹುದು ಎಂದ. ಕಾರ್ಡಿಲ್ಲದೆ ಚೌಕಿ ದಾಟುವಂತಿಲ್ಲ. ಇಳಿದರೆ ಈ ಗಾಳಿಯಲ್ಲಿ ಸಂಜೆಯವರೆಗೆ ಜೀವ ಉಳಿಯುವುದಿಲ್ಲ. ಮುಂದಿನ ಸೀಟಿನ ಸಾಂಗ್ಮೊ, ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಗಂಟು ಬಿಚ್ಚಿದಳು. ದಾಮ್‌ದುಲ್ ಎರಡು ಕೈ ತುಂಬ ಬಾಚಿ ತನ್ನ ಟೋಪಿಗೆ ಸುರಿದುಕೊಂಡ.

"ಕೂಸಿಂದೂ ಸೇರಿ," ಎಂದು ನಕ್ಕ.

ಯುಡೋನಳ ಗಂಟಿನಲ್ಲಿದ್ದುದೇ ಒಂದು ಹಿಡಿ. ವರ್ಷದ ಹಿಟ್ಟು, ಚಹಾ ಎಲ್ಲ ಅದರಲ್ಲೇ ಬರಬೇಕು.

ಹಿಮ ಕಟ್ಟುತ್ತಿದೆ, ಉಳಿದವರದನ್ನು ಇಳಿಜಾರಿನಲ್ಲಿ ವಸೂಲು ಮಾಡುತ್ತೇನೆ ಎಂದು ದಾಮ್‌ದುಲ್ ಗಾಡಿ ಬಿಡಲು ಹೇಳಿದ. ಡ್ರೈವರ್ ಲೊಟೆನ್ ಎಂಜಿನ್ ಚಾಲು ಮಾಡಿ ಕಾದ. ಘಾಟಿ ದಾಟುವಾಗ ಬಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು 'ದೇವರಿಗೆ ಜಯವಾಗಲಿ' ಎಂದು ಕೂಗಬೇಕು. ಉಳಿದವರು ದನಿಗೂಡಿಸಿ, ಕುದುರೆಯ ಅಚ್ಚಿರುವ ಕಾಗದದ ಚೂರುಗಳನ್ನು ಕಿಟಕಿಯಿಂದ ಗಾಳಿಗೆ ತೂರಬೇಕು. ಆಮೇಲೆಯೇ ಗಾಡಿ ಇಳಿಯುವುದು. ಇಂದು ಹಿರಿಯಳು ಯುಡೋನ್.

ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ.

"ಏನಜ್ಜಿ, ಗಂಟಲೂ ಹೆಪ್ಪುಗಟ್ತಾ?" ಎಂದ ದಾಮ್‌ದುಲ್.

"ಕದ್ದ ಮಾಲು ಗಾಡೀಲಿದೆಯಪ್ಪ. ಹೆಂಗೆ ದೇವರನ್ನ ಕರೀಲಿ? ನಂಗೆ ಭಯ ಆಗ್ತದೆ."

ಅದು ಸವಾಲಿನ ಮಾತಲ್ಲ. ಅವಳಿಗೆ ನಿಜಕ್ಕೂ ಭಯವಾಗಿತ್ತು. ಕೂಗಿದರೆ ದೇವರಿಗೆ ಮೋಸ, ಕೂಗದಿದ್ದರೆ ಪ್ರಪಾತ.

ದಾಮ್‌ದುಲ್ ತಾನೇ ಕೂಗಿದ. ಯಾರೂ ದನಿಗೂಡಿಸಲಿಲ್ಲ. ಕಾಗದದ ಚೂರುಗಳು ಮುಷ್ಟಿಯಲ್ಲೇ ಉಳಿದವು. ಸಾಂಗ್ಮೊ ತನ್ನ ಕಿಟಕಿಯನ್ನು ಎಳೆದು ಮುಚ್ಚಿದಳು. ಹಿಂದಿನವರೂ ಮುಚ್ಚಿದರು. ಕೊನೆಯ ಸೀಟಿನವರೆಗೂ ಗಾಜು ಸರಿಯುವ ಸದ್ದು ಸಾಗಿತು.

"ಇವರು ಕೂಗಿದ್ರೇನೇ ಬ್ರೇಕು ಹಿಡಿಯೋದಾ? ಬಿಡೋ ಗಾಡಿ."

ಲೊಟೆನ್ ಎಂಜಿನ್ ಆರಿಸಿದ. "ನಾನಂತೂ ಇಳಿಸಲ್ಲ. ಬೇಕಾದ್ರೆ ನೀವೇ ಓಡಿಸಿ."

ಯಜಮಾನರಿಗೆ ಹೇಳಿ ಕೆಲಸ ಬಿಡಿಸುತ್ತೇನೆ ಎಂದ ದಾಮ್‌ದುಲ್. ಹೇಳಿ ಎಂದ ಲೊಟೆನ್. ಗಾಳಿ ಬಸ್ಸನ್ನು ತೊಟ್ಟಿಲಿನಂತೆ ತೂಗಿತು. ಇನ್ನೊಮ್ಮೆ ತೂಗಿದಾಗ ಹಿಂಚಕ್ರ ಒಂದಿಷ್ಟು ಜರುಗಿತು. ದಾಮ್‌ದುಲ್ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಾರ್ಡಿನ ಚೀಲ, ಟೋಪಿ ಎರಡೂ ಸೀಟಿನ ಮೇಲೆ ಉಳಿದವು.

ಲೊಟೆನ್ ಎದ್ದು ಬಂದು ಚೀಲ ತೆಗೆದುಕೊಂಡ. ಒಂದೊಂದೇ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಕೊಡುತ್ತ ಹಿಂದಿನವರೆಗೂ ಹೋದ. ಯುಡೋನ್ ತನ್ನದನ್ನು ಇಸಿದುಕೊಂಡಳು. ಆದರೂ ಕೂಗಲಿಲ್ಲ, ಸೀಟಿನ ಮೇಲೆ ಉಳಿದಿದ್ದ ಟೋಪಿಯ ಕಡೆ ನೋಡುತ್ತ ಕುಳಿತಳು.

ಲೊಟೆನ್ ತಿರುಗಿ ಬಂದು, ಟೋಪಿಯನ್ನು ಎತ್ತಿ ಸಾಂಗ್ಮೊಳ ಮಡಿಲಿಗೆ ಸುರಿದ. ಕೆಳಗೆ ಬಿದ್ದಿದ್ದ ಒಂದು ಬೇರನ್ನು ಆರಿಸಿ, ಧೂಳು ಊದಿ, ಅದನ್ನೂ ಇಟ್ಟ.