ಎಲುಬಿನ ಹಿಡಿತ

ಮೂಗಿಗೆ ಬಡಿದದ್ದು ಮೆಣಸಿನಕಾಯಿಯ ಘಾಟು, ಮಥುರಾಬಾಯಿಯವರ ಸೆರಗಿನಿಂದ, ಬ್ಯಾಡಗಿಯಿಂದ ರಾಣೆಬೆನ್ನೂರಿನ ಈ ಹಲ್ಲಿನ ದವಾಖಾನೆಗೆ ಬರುವವರೆಲ್ಲ ಅದನ್ನು ಹೊತ್ತೇ ತರುತ್ತಾರೆ, ಸ್ಪಿರಿಟ್ಟಿನ ವಾಸನೆಯೂ ಅದರ ಮುಂದೆ ಸೋಲುತ್ತದೆ — ಸಹಾಯಕಿ ಜಾಹೀದಾ ತಟ್ಟೆಯಲ್ಲಿ ಕನ್ನಡಿ, ಚಿಮಟ, ಪುಟ್ಟ ಸ್ಕ್ರೂಡ್ರೈವರ್ ಜೋಡಿಸುತ್ತಾಳೆ, ತೆಗೆದು ಮತ್ತೆ ಜೋಡಿಸುತ್ತಾಳೆ, ಯಾಕೆಂದರೆ ಕುರ್ಚಿಯಲ್ಲಿ ಒರಗಿದ ಕೂಡಲೇ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಆ ಸಾಲಿ ಬಾಯಾರು, ಮಥುರಾಬಾಯಿ, ನಕ್ಕು ಹೇಳಿಬಿಟ್ಟಿದ್ದಾರೆ, ಗಟ್ಟಿ ಕೂತದ ಅಂತ ನೀನೇ ಅಂದಿದ್ದೆಲ್ಲವಾ, ಮನೀಗೆ ಹೋದಾಕಿನ ಕಡಕ್ ರೊಟ್ಟಿನೂ ಕಡದು ನೋಡೇನಿ. ಗಟ್ಟಿ ಅಂದದ್ದು ಖರೆ, ಮೂರು ತಿಂಗಳ ಹಿಂದೆ ಹಲ್ಲಿನ ಬೇರಿನ ಜಾಗಕ್ಕೆ ಇಂಪ್ಲಾಂಟ್, ಆ ಟೈಟಾನಿಯಂ ಸ್ಕ್ರೂ, ಹಾಕಿದ ದಿನ, ಆದರೆ ಅದು ಬರೀ ಸ್ಕ್ರೂ ಎಲುಬಿಗೆ ಕಚ್ಚಿಕೊಂಡ ಬಿಗಿ, ಪ್ರೈಮರಿ ಸ್ಟೆಬಿಲಿಟಿ, ಆಮೇಲೆ ಹಳೆ ಎಲುಬು ಕರಗಿ ಹೊಸದು ಇನ್ನೂ ಬೆಳೆಯದ ಕೆಲವು ವಾರ ಅದೇ ಬಿಗಿ ಸಡಿಲಾಗುತ್ತದೆ, ಆಗ ಗಟ್ಟಿ ಕಡಿಯಬಾರದು — ಅದನ್ನು ಹೇಳಿದ್ದೆನೋ ಇಲ್ಲವೋ, ಹೇಳಿದೆ ಅಂತ ಈಗ ಅನ್ನಿಸುತ್ತಿದೆಯೋ, ಸಂಜೆ ಕಾಲೇಜಿನ ಓದು, ಅರ್ಧ ಹಾವೇರಿ ಬಸ್ಸಿನಲ್ಲಿ, ಅರ್ಧ ತೂಕಡಿಕೆಯಲ್ಲಿ, ತನಗೆಷ್ಟು ತಿಳಿದಿದೆ ಅಂತ ಮಂದಿಗೆ ತಿಳಿಸಿ ಹೇಳಬೇಕು. ಹಿಂದೆ ಇಲ್ಲೇ ಇಂಪ್ಲಾಂಟ್ ಹಾಕಿಸಿಕೊಂಡಿದ್ದ ಮೇಡ್ಲೇರಿಯ ಹೊಳಿಯಪ್ಪನ ಎಕ್ಸರೇ ಕಣ್ಣಿಗೆ ಕಟ್ಟುತ್ತದೆ, ಬಿಳಿ ಸ್ಕ್ರೂ, ಅದರ ಸುತ್ತ ಕೂದಲೆಳೆಯ ಕರಿ ಗೆರೆ, ಎಲುಬು ಒಲ್ಲೆ ಅಂದ ಗೆರೆ, ಡಾಕ್ಟರ್ ಹರಿಪ್ರಿಯಾ ಬೆರಳಲ್ಲಿ ತಿರುಗಿಸಿದ್ದೇ ಸಾಕು, ಸ್ಕ್ರೂ ಬಂದೇ ಬಿಟ್ಟಿತು, ಕೈಯಲ್ಲಿಟ್ಟುಕೊಂಡು ಆತ ಅಂದದ್ದು, ನನ್ನ ಬಾಯಾಗ ಯಾವುದೂ ಬಾಳೇ ಮಾಡಂಗಿಲ್ಲ ಬಿಡ್ರಿ. ಬಿಳಿ ಸ್ಕ್ರೂ, ಕರಿ ಗೆರೆ. ಬಾಯಿ ದೊಡ್ಡದು ಮಾಡ್ರಿ, ಈಗ ಹರಿಪ್ರಿಯಾ ಮಥುರಾಬಾಯಿಯವರ ಒಸಡಿನ ಮೇಲಿನ ಪುಟ್ಟ ಮುಚ್ಚಳ ತೆಗೆಯುತ್ತಾರೆ, ಹೀಲಿಂಗ್ ಕ್ಯಾಪ್ ಅನ್ನುತ್ತಾರೆ ಅದಕ್ಕೆ, ಕೆಳಗೆ ಒಸಡು ಗುಲಾಬಿ ಬಣ್ಣದ ಉಂಗುರದಂತೆ, ಕೀವಿಲ್ಲ, ರಕ್ತವಿಲ್ಲ, ಯಾ ಅಲ್ಲಾ — ಕನ್ನಡಿಯ ಹಿಡಿಯಿಂದ ಸ್ಕ್ರೂಗೆ ಮೆಲ್ಲಗೆ ಬಡಿಯುತ್ತಾರೆ, ಜಾಹೀದಾ ಕಿವಿಗೊಡುತ್ತಾಳೆ, ಚಿಕ್ಕಂದಿನಲ್ಲಿ ಪೇಟೆಯಲ್ಲಿ ತೊಟ್ಟು ಬಿಡಿಸುತ್ತ ಕೂತ ಅಮ್ಮಿ ಮೆಣಸಿನಕಾಯಿಯನ್ನು ಕಿವಿಗೆ ಹಿಡಿದು ಅಲುಗಿಸುತ್ತಿದ್ದಳು, ಬೀಜ ಮಾತಾಡಿದ್ರ ಒಣಗೇತಿ, ಸುಮ್ಮನಿದ್ರ ಹಸಿ ಐತಿ, ಕೇಳಸ್ಕೊ — ಟಣ್. ಸಡಿಲ ಸ್ಕ್ರೂವಿನ ಮಂಕು ಸದ್ದಲ್ಲ, ಟಣ್, ಕಂಚಿನ ಬಟ್ಟಲಿಗೆ ಉಗುರು ತಾಗಿದಂತೆ. ಬಾಯಾರ, ರೊಟ್ಟಿ ಖರೇನ ಕಡದ್ರ್ಯಾ, ಜಾಹೀದಾ ಕೇಳಿಯೇಬಿಡುತ್ತಾಳೆ. ಮಥುರಾಬಾಯಿ ಬಾಯಿ ಮುಕ್ಕಳಿಸಿ ಅನ್ನುತ್ತಾರೆ, ಸಾರಿನ್ಯಾಗ ನೆನಸೇ ತಿಂದೇನಿ, ಒಂದೆರಡು ಸಲ ಒಣಾನೂ ತಿಂದೆ ಅನ್ನು, ಎಪ್ಪತ್ತರ ಎಲುಬಿಗೆ ಇಷ್ಟ್ಯಾಕ ಅಂಜತೀ, ನಿನ್ನಕಿಂತ ಅದಕ್ಕ ಧೈರ್ಯ ಅದ. ಎಪ್ಪತ್ತು ವರ್ಷದ ಎಲುಬು, ಪಾಠ ಹೇಳಿ ಹೇಳಿ ಸವೆದ ದವಡೆ, ಅದರೊಳಗೆ ಎಲ್ಲಿಯದೋ ನೆಲದ ಟೈಟಾನಿಯಂ, ನಡುವೆ ಅಂಟಿಲ್ಲ, ಸಿಮೆಂಟಿಲ್ಲ, ಯಾರೂ ಕಲಿಸದೆ ಕತ್ತಲಲ್ಲಿ ಒಂದೊಂದೇ ಕಣ ಬಂದು ಅಪರಿಚಿತ ಲೋಹವನ್ನು ತನ್ನದೆಂದು ಅಪ್ಪಿಕೊಳ್ಳುವುದು, ಆಸಿಯೋಇಂಟಿಗ್ರೇಶನ್, ಪರೀಕ್ಷೆಗೆ ಬಾಯಿಪಾಠ ಮಾಡಿದ ಪದ, ಅದು ಇದೇ ಏನು, ತಾನು ಹೇಳಿದ್ದಕ್ಕೂ ಹೇಳದ್ದಕ್ಕೂ ಕಾಯದೆ ಇದು ನಡೆದೇ ಇತ್ತು ಏನು — ಜಾಹೀದಾ, ಇಲ್ನೋಡು, ಹರಿಪ್ರಿಯಾ ಇವತ್ತಿನ ಎಕ್ಸರೇ ಇರುವ ಪರದೆಯನ್ನು ಇತ್ತ ತಿರುಗಿಸುತ್ತಾರೆ, ಬಿಳಿ ಸ್ಕ್ರೂ, ಒಂದೊಂದು ಸುರುಳಿಯ ಸಂದಿನಲ್ಲೂ ಬೂದು ಬಣ್ಣದ ಎಲುಬು, ಆ ಕರಿ ಗೆರೆ ಹುಡುಕುತ್ತಾಳೆ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಬಿಳಿ ಸ್ಕ್ರೂ, ಎಲುಬು, ಬಿಳಿ ಸ್ಕ್ರೂ, ನಡುವೆ ಏನೂ ಇಲ್ಲ.